ಇಪ್ಪತ್ತಾರು ಕೈಗಳು, ಒಂದು ಸ್ಪೀಡ್‌ಬೋಟ್

2023ರ ನವೆಂಬರ್ ಮೊದಲ ವಾರದ ಮಾತು. ಆಗ ನಾನು ಮಂಡ್ಯದ ಗುತ್ತಲಿನಲ್ಲಿ ಸಣ್ಣದೊಂದು ಟ್ರಾವೆಲ್ಸ್ ನಡೆಸುತ್ತಿದ್ದೆ. ಟಿಕೆಟ್ ಮಾಡಿಸುವವಳೂ ನಾನೇ, ಜನರ ಜೊತೆ ಹೋಗುವ ಟೂರ್ ಮ್ಯಾನೇಜರೂ ನಾನೇ. ಕಾಶಿ, ರಾಮೇಶ್ವರ, ಶಿರಡಿ ಎಂದು ಇಪ್ಪತ್ತೆರಡು ವರ್ಷ ಬಸ್ಸು ರೈಲುಗಳಲ್ಲಿ ಅಲೆದವಳಿಗೆ ಅದು ಮೂರನೆಯ ಹಡಗಿನ ಪ್ರವಾಸ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯ ಎಂದು ನಮ್ಮಮ್ಮ ಬೈಯುತ್ತಿದ್ದರು. ಈ ಕೆಲಸಕ್ಕೆ ಅದು ಒಳ್ಳೆಯ ಗುಣವೆಂದು ನಾನು ಬೀಗುತ್ತಿದ್ದೆ. ಆ ಸಲ ಅದೇ ಗುಣ ಒಬ್ಬ ಮನುಷ್ಯನ ಜೀವಕ್ಕೆ ಕುತ್ತು ತರುವುದರಲ್ಲಿತ್ತು.

ತಂಡದಲ್ಲಿ ಇಪ್ಪತ್ತಾರು ಜನ, ಎಲ್ಲರೂ ಒಂದೇ ಬಳಗ. ಕೆರಗೋಡಿನ ಮರಿಗೌಡರು ಹಿರಿಯರು. ಅರವತ್ತೆಂಟು ವಯಸ್ಸು, ಕಬ್ಬು ಭತ್ತದ ಬೇಸಾಯ, ಗಟ್ಟಿ ಗಂಟಲು. ಅವರ ತಮ್ಮಂದಿರು, ಮದ್ದೂರಿಗೆ ಮತ್ತು ಮಳವಳ್ಳಿಗೆ ಕೊಟ್ಟ ತಂಗಿಯರು, ಅವರ ಗಂಡಂದಿರು, ಸೊಸೆಯರು, ಅಳಿಯಂದಿರು. ಎರಡು ವರ್ಷ ಈ ಬಳಗದಲ್ಲಿ ಮಾತು ನಿಂತಿತ್ತು. ಜಮೀನು ಭಾಗವಾಗುವಾಗ ಮಳವಳ್ಳಿಯ ಕಿರಿ ತಂಗಿ ಸಾವಿತ್ರಮ್ಮನಿಗೂ ಪಾಲು ಬರಬೇಕೆಂದು ಅವಳ ಗಂಡ ನಿಂಗೇಗೌಡರು ಪಂಚಾಯಿತಿ ಕೂರಿಸಿದ್ದರು. ಜೂನ್‌ನಲ್ಲಿ ಮದ್ದೂರಿನಲ್ಲಿ ನಡೆದ ಒಂದು ಮದುವೆಯಲ್ಲಿ ಯಾರೋ ಮರಿಗೌಡರು, ನಿಂಗೇಗೌಡರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದರಂತೆ, ಅಲ್ಲಿಂದ ಮಾತು ಶುರುವಾಯಿತು. ಆ ಖುಷಿಗೆ, ಎಲ್ಲರೂ ಸೇರಿ ಎಲ್ಲಾದರೂ ಹೋಗಿ ಬರೋಣ ಎಂದು ಮರಿಗೌಡರೇ ನನ್ನ ಅಂಗಡಿಗೆ ಬಂದರು. ಭತ್ತದ ಕಟಾವಿಗೆ ಮುಂಚೆ, ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವರ ತಮ್ಮನ ಮಗ ರಘುವಿಗೆ ರಜ ಸಿಗುವ ವಾರ ನೋಡಿ ದಿನ ಗೊತ್ತು ಮಾಡಿದೆವು.

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವ ಹಡಗು. ಇಂಥ ಹಡಗು ಒಂದು ಊರಿನಲ್ಲಿ ಎಂಟು ಹತ್ತು ಗಂಟೆ ನಿಂತಾಗ ಇಳಿದು ಹೋಗಿ ಸುತ್ತಿ ಬರುವುದಕ್ಕೆ ಶೋರ್ ಎಕ್ಸ್‌ಕರ್ಷನ್ ಎನ್ನುತ್ತಾರೆ. ಅದನ್ನು ಮೊದಲೇ ಆರಿಸಿ ಬುಕ್ ಮಾಡಬೇಕು. ಫುಕೆಟ್‌ನಲ್ಲಿ ಎರಡು ಇದ್ದವು. ಒಂದು, ಸ್ಪೀಡ್‌ಬೋಟಿನಲ್ಲಿ ದ್ವೀಪಗಳಿಗೆ ಹೋಗಿ ನೀರಿಗಿಳಿದು ಮೀನು ನೋಡುವುದು, ಆರು ಗಂಟೆ. ಇನ್ನೊಂದು, ಏಸಿ ಬಸ್ಸಿನಲ್ಲಿ ದೇವಸ್ಥಾನ, ಗುಡ್ಡದ ಮೇಲಿನ ನೋಟ, ಮಾರ್ಕೆಟ್, ನಾಲ್ಕು ಗಂಟೆ. ಎರಡೂ ಬೇಡವೆಂದರೆ ಹಡಗಿನಲ್ಲೇ ಉಳಿಯಬಹುದು.

ಆರಿಸುವ ಸಭೆ ಕೆರಗೋಡಿನಲ್ಲಿ ಮರಿಗೌಡರ ಮನೆ ಜಗುಲಿಯ ಮೇಲೆ ನಡೆಯಿತು. ಮುದ್ದೆ, ನಾಟಿ ಕೋಳಿ ಸಾರು ಮುಗಿದು ಎಲೆ ಅಡಿಕೆ ತಟ್ಟೆ ಸುತ್ತುತ್ತಿತ್ತು. ನಾನು ಫೋನಿನಲ್ಲಿ ಫೋಟೊ ತೋರಿಸಿ ಎರಡನ್ನೂ ವಿವರಿಸಿದೆ. ಯಾರ್ಯಾರು ಯಾವುದಕ್ಕೆ ಎಂದು ಕೇಳಿದ್ದೇ ತಪ್ಪಾಯಿತು.

"ಯಾರ್ಯಾರು ಅಂದ್ರೆ ಏನಮ್ಮ ಸುಜಾತಮ್ಮ? ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಓಗಕ್ಕೆ ಅಷ್ಟು ದೂರ ಯಾಕೆ ಓಗ್ಬೇಕು? ಬ್ಯಾರೆ ಓಗಿದ್ದು ಸಾಕು. ಎಲ್ರೂ ಒಂದೇ ಬೋಟಲ್ಲಿ ಓಗವ. ಎತ್ರಪ್ಪ ಕೈಯ."

ಜಗುಲಿಯ ಮೇಲಿದ್ದ ಗಂಡಸರ ಕೈಗಳೆಲ್ಲ ಒಟ್ಟಿಗೆ ಎದ್ದವು. ಬಾಗಿಲ ಬಳಿ ನಿಂತಿದ್ದ ಹೆಂಗಸರು ನಕ್ಕು ತಾವೂ ಎತ್ತಿದರು. ನಮ್ಮ ಕಡೆ ಬೇರೆ ಹೋಗುವುದು ಎಂದರೆ ಒಲೆ ಬೇರೆಯಾಗುವುದು. ಆ ಮನೆಯಲ್ಲಿ ಆ ಮಾತಿನ ಗಾಯ ಇನ್ನೂ ಹಸಿಯಾಗಿತ್ತು. ನಾನು ಅದೇ ಜನದಲ್ಲಿ ಹುಟ್ಟಿ ಬೆಳೆದವಳು, ನನಗೆ ಇದು ತಿಳಿಯದ್ದಲ್ಲ. ಆದರೆ ಇಪ್ಪತ್ತಾರು ಜನ ಒಂದೇ ಬೋಟು ಎಂದರೆ ನನಗೆ ಕೆಲಸ ಎಷ್ಟು ಸಲೀಸು! ಆ ಸಂತೋಷದಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಸ್ಪೀಡ್‌ಬೋಟಿಗೆ ಆರೋಗ್ಯದ ಡಿಕ್ಲರೇಷನ್ ಫಾರ್ಮ್ ಇರುತ್ತದೆ. ಹೃದಯದ ಚಿಕಿತ್ಸೆ ಆಗಿದೆಯೇ, ಬೆನ್ನುನೋವು ಇದೆಯೇ, ಗರ್ಭಿಣಿಯೇ ಎಂಬ ಒಂಬತ್ತು ಪ್ರಶ್ನೆ. ಅಲೆಯ ಮೇಲೆ ಬೋಟು ಕುಕ್ಕುವ ರಭಸ ಅಂಥವರಿಗೆ ಆಗಿಬರುವುದಿಲ್ಲ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿ ತುಂಬಿಸಬೇಕಾದದ್ದು ನನ್ನ ಕೆಲಸ. ನಾನು ಮಾಡಿದ್ದೇನು? ಮರಿಗೌಡರ ಫಾರ್ಮ್ ತುಂಬಿದೆ, ಒಂಬತ್ತಕ್ಕೂ 'ಇಲ್ಲ'. ಅದನ್ನೇ ನೋಡಿಕೊಂಡು ಉಳಿದ ಇಪ್ಪತ್ತೈದಕ್ಕೂ ಸರಸರನೆ ಟಿಕ್ ಹಾಕಿದೆ. ಎಲ್ಲರೂ ಸಾಲಾಗಿ ಬಂದು ಸಹಿ ಮಾಡಿದರು. ಅರ್ಧ ಗಂಟೆಯಲ್ಲಿ ಮುಗಿಸಿ ಮಂಡ್ಯದ ಬಸ್ಸು ಹಿಡಿದೆ.

ಹಡಗು ಮೂರನೆಯ ದಿನ ಬೆಳಿಗ್ಗೆ ಫುಕೆಟ್ ಮುಟ್ಟಿತು. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ, ಸಮುದ್ರದಲ್ಲೇ ಲಂಗರು ಹಾಕಿ ಟೆಂಡರ್ ಎಂಬ ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ನಮ್ಮ ಸರದಿ ಎಂಟೂವರೆಗೆ. ಏಳೂ ಮುಕ್ಕಾಲಿಗೆ ತಿಂಡಿಯ ಹಾಲಿನಲ್ಲಿ ತಲೆ ಎಣಿಸಿದೆ, ಇಪ್ಪತ್ತೈದು. ಸಾವಿತ್ರಮ್ಮ ಇಲ್ಲ. ಅವಳ ಕ್ಯಾಬಿನ್ನಿಗೆ ಓಡಿದೆ. ಬಾಗಿಲು ತೆರೆದೇ ಇತ್ತು. ಅವಳು ಮಂಚದ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು.

"ಏಳಮ್ಮ, ಟೈಮಾಯಿತು" ಎಂದೆ.

"ಅಕ್ಕ, ಆ ಬೋಟು ಬಾಳ ಕುಕ್ತದಾ?" ಎಂದಳು. ಸ್ವಲ್ಪ ಎಂದೆ. ಅವಳ ಕಣ್ಣು ತುಂಬಿತು. "ಇವ್ರಿಗೆ ಮಾರ್ಚಿನಾಗೆ ಮೈಸೂರಲ್ಲಿ ಎದೆಗೆ ಸ್ಟೆಂಟು ಆಕವ್ರೆ. ಆಗ ಅಣ್ಣಯ್ಯನ ಮನೆಗೂ ನಮಗೂ ಮಾತಿರ್ಲಿಲ್ಲ. ಯಾರಿಗೂ ಏಳ್ಬ್ಯಾಡ ಅಂತ ಆಣೆ ಮಾಡಿಸ್ಕಂಡವ್ರೆ. 'ಈಗ ನಾನು ಬರಕ್ಕಿಲ್ಲ ಅಂದ್ರೆ ಇನ್ನೂ ಮುನಿಸು ಅಂದ್ಕೋತಾರೆ ಕಣೇ, ಬತ್ತೀನಿ' ಅಂತಾವ್ರೆ."

ಸ್ಟೆಂಟ್ ಹಾಕಿ ಎಂಟೇ ತಿಂಗಳು, ಆರು ಗಂಟೆ ಸ್ಪೀಡ್‌ಬೋಟು, ಸುತ್ತ ಆಸ್ಪತ್ರೆ ಇಲ್ಲದ ಸಮುದ್ರ. ಆ ಫಾರ್ಮಿನಲ್ಲಿ 'ಇಲ್ಲ' ಎಂದು ಟಿಕ್ ಹಾಕಿದ ಪೆನ್ನು ನನ್ನದು. ಗಡಿಯಾರ ನೋಡಿದೆ, ಮೂವತ್ತೆಂಟು ನಿಮಿಷ ಉಳಿದಿತ್ತು. ಹೇಳಿದರೆ ಮುಚ್ಚಿಟ್ಟ ವಿಷಯ ಎಲ್ಲರ ಎದುರು ಬಿಚ್ಚಿಕೊಳ್ಳುತ್ತದೆ, ಆಗಷ್ಟೇ ಕೂಡಿದ ಸಂಬಂಧ ಮತ್ತೆ ಒಡೆಯಬಹುದು. ಹೇಳದಿದ್ದರೆ ನಿಂಗೇಗೌಡರು ಹೋಗಿಬಿಡುತ್ತಾರೆ. ಕಾರಿಡಾರಿನಲ್ಲಿ ಮೂರು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಕೊನೆಗೆ ಒಂದು ಸುಳ್ಳು ಹೊಳೆಯಿತು.

ಹಾಲಿಗೆ ಹೋಗಿ ನಗುನಗುತ್ತಲೇ ಹೇಳಿದೆ, "ಬೋಟಿನಲ್ಲಿ ಎರಡು ಸೀಟು ಕಮ್ಮಿ ಬಿದ್ದಿದೆ. ನಿಂಗೇಗೌಡರು, ಸಾವಿತ್ರಮ್ಮ ಇಬ್ಬರೂ ಬಸ್ಸಿನ ಟೂರಿಗೆ ಬರಲಿ, ನಾನೂ ಅವರ ಜೊತೆ ಇರುತ್ತೇನೆ."

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಮರಿಗೌಡರು ಎದ್ದು ನಿಂತರು. "ಅದೆಂಗಾಯ್ತದಮ್ಮ? ಮನೆ ಅಳಿಯನ್ನ ಬುಟ್ಟು ನಾನು ಓಗದಾ? ಊರಲ್ಲಿ ಕೇಳಿದ್ರೆ ಮಕಕ್ಕೆ ಉಗೀತಾರೆ. ನಾನೂ ನಮ್ಮನೆಯವ್ಳೂ ನಿಂತ್ಕತೀವಿ, ಅವ್ರಿಬ್ರೂ ಓಗ್ಲಿ."

ನಮ್ಮಲ್ಲಿ ಮನೆಯ ಹೆಣ್ಣುಮಗಳ ಗಂಡನಿಗೆ ಮೊದಲ ಎಲೆ, ಮೊದಲ ತುಂಡು, ಮೊದಲ ಸೀಟು. ಆ ಮರ್ಯಾದೆ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಈಗ ನಿಂಗೇಗೌಡರು ಹಿಂದೆ ಸರಿಯುವುದಕ್ಕೆ ದಾರಿಯೇ ಉಳಿಯಲಿಲ್ಲ. ಅವರು ಟೋಪಿ ತಲೆಗೆ ಹಾಕಿಕೊಂಡು, "ಬುಡಿ ಬಾವ, ಅಷ್ಟು ಏಳ್ತೀರಲ್ಲ, ಓಯ್ತೀನಿ" ಎಂದು ಹೊರಟೇಬಿಟ್ಟರು. ಅವರ ಹಿಂದೆಯೇ ಸಾಲು ಮೆಟ್ಟಿಲ ಕಡೆ ಹರಿಯತೊಡಗಿತು. ಟೆಂಡರಿನ ಬಾಗಿಲಿಗೆ ಹೋಗುವ ಕೊನೆಯ ಮೆಟ್ಟಿಲಲ್ಲಿ ನಾನು ಅಡ್ಡ ನಿಂತೆ.

"ನಿಂಗೇಗೌಡರೇ, ನೀವು ಬೋಟಿಗೆ ಹತ್ತುವ ಹಾಗಿಲ್ಲ. ನಿಮ್ಮ ಎದೆಯಲ್ಲಿ ಸ್ಟೆಂಟಿದೆ. ಫಾರ್ಮಿನಲ್ಲಿ ಇಲ್ಲ ಅಂತ ಬರೆದದ್ದು ನಾನು, ತಪ್ಪು ನನ್ನದು. ಆದರೆ ಹತ್ತಿಸಲ್ಲ."

ಅವರ ಮುಖ ಕಪ್ಪಿಟ್ಟಿತು. "ಯಾರು ಏಳಿದ್ದು?"

"ನಾನೇ ಏಳಿದ್ದು" ಎಂದಳು ಆಗಷ್ಟೇ ಕ್ಯಾಬಿನ್ನಿನಿಂದ ಬಂದ ಸಾವಿತ್ರಮ್ಮ ಹಿಂದಿನಿಂದ. "ಆಣೆ ಮುರಿದ್ರೆ ಮುರೀಲಿ. ನೀವಿಲ್ದೆ ಮಳವಳ್ಳಿಗೆ ಎಂಗೆ ಓಗ್ಲಿ ನಾನು?"

ಎಲ್ಲರೂ ಮರಿಗೌಡರ ಕಡೆ ನೋಡಿದರು. ಅವರು ಕೂಗಾಡುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೂಗಲಿಲ್ಲ. ತಂಗಿಯನ್ನೇ ನೋಡುತ್ತ, "ಆಸ್ಪತ್ರೇಲಿ ಮಲಗಿಸ್ಕಂಡು ನಂಗೊಂದು ಮಾತು ಏಳ್ಬ್ಯಾಡ ಅನ್ನುಸ್ತೇನವ್ವ?" ಎಂದರು. ನಿಂಗೇಗೌಡರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಯಾರನ್ನೂ ನೋಡದೆ ಮೇಲಿನ ಡೆಕ್ಕಿಗೆ ಹೊರಟುಹೋದರು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಬಾಯಿ ಬಿಟ್ಟವಳು ನಾನು, ಬಣ್ಣ ಹೋದದ್ದು ಅವರದು.

ಉಳಿದವರನ್ನು ಏನು ಮಾಡುವುದು? ಹದಿನೈದು ನಿಮಿಷ ಇತ್ತು. ಈ ಸಲ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕಿವಿಯ ಹತ್ತಿರ ಕೇಳಿದೆ. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ನೀರು ಕಂಡರೆ ಭಯ. ಮದ್ದೂರಿನ ತಂಗಿಗೆ ಮಾರ್ಕೆಟ್ ನೋಡುವ ಆಸೆ. ಒಬ್ಬ ಸೊಸೆ ಮೂರು ತಿಂಗಳ ಬಸುರಿ, ಇನ್ನೂ ಯಾರಿಗೂ ಹೇಳಿರಲಿಲ್ಲ! ಅವಳ ಫಾರ್ಮಿಗೂ ನಾನು 'ಇಲ್ಲ' ಎಂದೇ ಹಾಕಿದ್ದೆ. ನಿಜವಾಗಿ ಬೋಟು ಬೇಕಾಗಿದ್ದವರು ರಘುವೂ ಸೇರಿ ಒಂಬತ್ತೇ ಜನ. ಅವರನ್ನು ರಘುವಿನ ಸುಪರ್ದಿಗೆ ಒಪ್ಪಿಸಿದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದುದರಿಂದ ಹಡಗಿನ ಎಕ್ಸ್‌ಕರ್ಷನ್ ಕೌಂಟರಿನ ಹೆಣ್ಣುಮಗಳು ಹದಿಮೂರು ಜನರನ್ನು ಅದಕ್ಕೆ ಬದಲಾಯಿಸಿಕೊಟ್ಟಳು. ಮರಿಗೌಡರು, ಅವರ ಹೆಂಡತಿ, ನಿಂಗೇಗೌಡರು, ಸಾವಿತ್ರಮ್ಮ ನಾಲ್ವರೂ ಹಡಗಿನಲ್ಲೇ ಉಳಿದರು. ನಾನು ಬಸ್ಸಿನವರ ಜೊತೆ ಹೋಗಬೇಕಿತ್ತು. ಅಲ್ಲಿ ಗೈಡ್ ಇದ್ದಾನೆ, ಇಲ್ಲಿ ಯಾರೂ ಇಲ್ಲ ಎಂದುಕೊಂಡು ನಾನೂ ಉಳಿದೆ.

ಆ ದಿನದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಡೆಕ್ಕಿನ ಮುಂದಿನ ತುದಿಯಲ್ಲಿ ನಿಂಗೇಗೌಡರು, ಹಿಂದಿನ ತುದಿಯಲ್ಲಿ ಮರಿಗೌಡರು. ಹೆಂಗಸರಿಬ್ಬರೂ ನಡುವೆ ಒಂದು ಬೆಂಚಿನ ಮೇಲೆ. ನಾನು ಆ ತುದಿಗೆ ಹೋಗಿ ಕಾಫಿ ಬೇಕಾ ಎನ್ನುವುದು, ಈ ತುದಿಗೆ ಬಂದು ನೀರು ಬೇಕಾ ಎನ್ನುವುದು. ಇಬ್ಬರೂ ಬೇಡ ಎನ್ನುವುದು. ಮಧ್ಯೆ ಮಧ್ಯೆ ಕಟಕಟೆ ಹಿಡಿದು ಬೋಟು ಹೋದ ದಿಕ್ಕಿಗೆ ಕಣ್ಣು ಹಾಯಿಸುವುದು. ಒಂದು ಗಂಟೆಗೆ ಊಟದ ಘೋಷಣೆ ಆಯಿತು, ಯಾರೂ ಏಳಲಿಲ್ಲ. ಎರಡರ ಮೇಲೆ ಗಾಳಿ ಎದ್ದು ನೀರು ಬೆಳ್ಳಗೆ ಮುರಿಯತೊಡಗಿತು. ಬಸ್ಸಿನವರು ಆಗಲೇ ಚೀಲ ತುಂಬಿಕೊಂಡು ಬಂದು ಕ್ಯಾಬಿನ್ ಸೇರಿದ್ದರು. ಮೂರಾದರೂ ಬೋಟಿನವರ ಸುಳಿವಿಲ್ಲ. ಇವರನ್ನು ಉಳಿಸಲು ಹೋಗಿ ಆ ಒಂಬತ್ತು ಜನರನ್ನು ಅವರಷ್ಟಕ್ಕೇ ಕಳಿಸಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮೂರೂ ಮುಕ್ಕಾಲಿಗೆ ಬಂದರು. ರಘುವಿಗೆ ಮೂವತ್ತಾರು ವಯಸ್ಸು, ಫ್ಯಾಕ್ಟರಿಯಲ್ಲಿ ದಿನವೂ ಭಾರ ಎತ್ತುವ ಆಳು. ಅವನೇ ಸೊಂಟ ಹಿಡಿದುಕೊಂಡು, ಮುಖ ಬಿಳಿಚಿಕೊಂಡು ಡೆಕ್ಕಿಗೆ ಬಂದು ನಿಂಗೇಗೌಡರ ಎದುರು ಕುಸಿದು ಕೂತ.

"ಮಾವ, ಬರುವಾಗ ಒಂದೊಂದು ಅಲೆಗೂ ಎತ್ತಿ ಎತ್ತಿ ಒಗೀತು ಕಣ್ರೀ. ಎರಡು ಸಲ ವಾಂತಿ ಮಾಡ್ದೆ. ನೀವು ಬಂದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಆ ತುದಿಯಲ್ಲಿದ್ದ ಮರಿಗೌಡರು ಎದ್ದು ಬಂದಿದ್ದರು, ಅದನ್ನು ಕೇಳಿಸಿಕೊಂಡರು. ನಿಂಗೇಗೌಡರ ಪಕ್ಕದ ಕುರ್ಚಿ ಎಳೆದು ಕೂತರು.

"ಎಷ್ಟು ದಿನ ಮಲಗಿದ್ದೆ ಆಸ್ಪತ್ರೇಲಿ?"

"ಐದು ದಿನ ಬಾವ."

"ಜೊತೇಲಿ ಯಾರಿದ್ರು?"

"ಸಾವಿತ್ರಿ ಒಬ್ಳೇ."

ಮರಿಗೌಡರು ಅಂಗೈಯಿಂದ ಮುಖ ಒರೆಸಿಕೊಂಡರು. "ನೀನು ಇವತ್ತು ಬರಕ್ಕಿಲ್ಲ ಅಂದಿದ್ರೆ, ಇವ್ನಿಗೆ ಇನ್ನೂ ಜಮೀನಿನ ಕ್ವಾಪ ಓಗಿಲ್ಲ ಅಂತ್ಲೇ ಅಂದ್ಕೋತಿದ್ದೆ ಕಣಯ್ಯ. ಸುಳ್ಳು ಯಾಕೆ ಏಳ್ಲಿ."

"ಗೊತ್ತು ಬಾವ. ಅದ್ಕೇ ಕೈ ಎತ್ತಿದ್ದು."

ನಾನು ಅಲ್ಲಿ ನಿಲ್ಲಲಾರದೆ ಊಟದ ಹಾಲಿಗೆ ಹೋಗಿ ನಾಲ್ಕು ತಟ್ಟೆ ಅನ್ನ ಸಾರು ಹಾಕಿಸಿಕೊಂಡು ಬಂದೆ. ಬಂದಾಗ ಇಬ್ಬರೂ ವಿಸಿ ನಾಲೆಗೆ ನೀರು ಯಾವತ್ತು ಬಿಡುತ್ತಾರೆ ಎಂದು ಜಗಳಕ್ಕೆ ಬಿದ್ದವರಂತೆ ಗಟ್ಟಿಯಾಗಿ ವಾದಿಸುತ್ತಿದ್ದರು. ನನಗೆ ಅಳು ಬಂತು. ಸಾವಿತ್ರಮ್ಮ ನನ್ನ ಕೈಯಿಂದ ತಟ್ಟೆ ಇಸಿದುಕೊಂಡಳು.

ಮನುಷ್ಯ ಜೀವಕ್ಕಿಂತ ಹೆಚ್ಚಾಗಿ ನೆಂಟರ ಮನಸ್ಸಿಗೆ ಹೆದರುತ್ತಾನೆ ಎಂಬುದನ್ನು ಈ ಕೆಲಸ ನನಗೆ ಇಪ್ಪತ್ತೆರಡು ವರ್ಷ ತಡವಾಗಿ ಕಲಿಸಿತು. ಈಗಲೂ ತಂಡ ಕರೆದೊಯ್ಯುತ್ತೇನೆ, ಕೈ ಎತ್ತಿಸುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಮಾಡುತ್ತೇನೆ, ಗಂಡನಿಗೆ ಬೇರೆ, ಹೆಂಡತಿಗೆ ಬೇರೆ. ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳಿದರೆ "ಎಲ್ರೂ ಎಲ್ಲಿಗೋ ಅಲ್ಲಿಗೆ" ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಪ್ರಶ್ನೆ ಬದಲಾಯಿಸಿಕೊಂಡಿದ್ದೇನೆ: ನೀವು ಬರುವುದಿಲ್ಲ ಎಂದರೆ ಯಾರಿಗೆ ಬೇಜಾರಾಗುತ್ತದೆ? ಇದಕ್ಕೆ ಯಾರೂ ತಡಬಡಾಯಿಸುವುದಿಲ್ಲ, ತಟ್ಟನೆ ಒಂದು ಹೆಸರು ಹೇಳುತ್ತಾರೆ. ನಾನು ಫೋನಿಟ್ಟು ಮೊದಲು ಆ ಹೆಸರಿನವರಿಗೆ ಫೋನ್ ಮಾಡುತ್ತೇನೆ.