ಹೊಳ್ಳಿ ಕೊಡುವ ಪುಸ್ತಕಗಳು

ಪರದೇಶದ ಈ ಫ್ರಿಸ್ಕೋ ಊರಲ್ಲಿ ಆಗಿನ್ನೂ ನಮ್ಮ ಬೇಲಿಯಾಚೆ ದನ ಮೇಯುತ್ತಿದ್ದವು. ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ಓಣಿ ತುಂಬ ಹೊಸ ಮನೆಗಳ ಹಸಿ ಕಟ್ಟಿಗೆಯ ವಾಸನೆ, ಸಂಜೆಯಾದರೆ ಮಕ್ಕಳ ಸೈಕಲ್ಲು. ಆ ಬೇಸಿಗೆಯಲ್ಲಿ ನನ್ನ ಮಗ ಶಶಿ, ಸೊಸೆ ವೀಣಾ ನಮ್ಮ ಧಾರವಾಡದ ಕಡೆಯ ಒಂದು ಆಶ್ರಮದಿಂದ ಆರು ವರ್ಷದ ಗಂಗಾಳನ್ನು ದತ್ತು ತಂದರು. ಅದಕ್ಕೂ ಮೊದಲು ಬೇರೆ ಗಂಡ-ಹೆಂಡತಿ ಅವಳನ್ನು ಒಯ್ದು, ಹೊಂದಿಕೊಳ್ಳಲಿಲ್ಲ ಎಂದು ತಿರುಗಿ ಬಿಟ್ಟುಹೋಗಿದ್ದರು. ಬಣ್ಣ ಒಪ್ಪಲಿಲ್ಲವೆಂದು ಅಂಗಡಿಗೆ ಸೀರೆ ಕೊಟ್ಟು ಬಂದ ಹಾಗೆ! ಅವರ ಬಾಯಲ್ಲಿ ಹುಳ ಬೀಳಲಿ ಎಂದು ಆಗ ಅಂದಿದ್ದೆ, ಈಗಲೂ ಅನ್ನುತ್ತೇನೆ.

ಹುಡುಗಿ ಯಾರ ಹತ್ತಿರವೂ ಬರುತ್ತಿರಲಿಲ್ಲ. ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು ಚಪಾತಿ ತಿನ್ನುತ್ತಿದ್ದಳು. ವೀಣಾ ಮೈಸೂರಿನವಳು, ತಾಳ್ಮೆಯವಳು. ಲೈಬ್ರರಿಯಿಂದ ಚೀಲ ತುಂಬ ಚಿತ್ರದ ಪುಸ್ತಕ ತಂದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದಳು, ಹುಡುಗಿ ಕೇಳಲಿ ಬಿಡಲಿ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಪುಸ್ತಕ ಓದಿದರೆ ಮಗು ಹತ್ತಿರ ಬರುತ್ತದೆ ಎಂದರೆ ನಂಬಿರಲಿಲ್ಲ. ಬಂತು. ಕೊಡೆ ಹಿಡಿದು ಊರೂರು ಅಲೆಯುವ ಆನೆಮರಿಯ ಕಥೆಗೆ ದಿನಕ್ಕಿಷ್ಟು ಸರಿದು ಬಂದು, ಕೊನೆಗೆ ಒಗ್ಗರಣೆ ವಾಸನೆಯ ವೀಣಾಳ ಮಡಿಲಲ್ಲಿ ತಲೆಯಿಟ್ಟಳು. "ಹೂಂ, ಮುಂದ?" ಎಂದಳು.

ಆಮೇಲೆ ಪುಸ್ತಕದ ಗಡುವು ಮುಗಿಯಿತು. ಲೈಬ್ರರಿಯ ಗೋಡೆಯ ಕಿಂಡಿಯಲ್ಲಿ ವೀಣಾ ಅದನ್ನು ಹಾಕಿದಳು. ಒಳಗೆ ಧಡ್ ಎಂದು ಬಿತ್ತು. ಮನೆಗೆ ಬಂದ ಗಂಗಾ ಬೂಟು ಬಿಚ್ಚಲಿಲ್ಲ. ಬಾಗಿಲ ಬಳಿಯೇ ಕೂತಳು.

"ಅಜ್ಜಿ, ನನ್ನ ಯಾವಾಗ ಹೊಳ್ಳಿ ಕೊಡ್ತಾರ?"

ನನಗೆ ಮೈಯೆಲ್ಲ ಉರಿದುಹೋಯಿತು. "ವೀಣಾ, ಮೊದಲ ಹೋಗಿ ಆ ಪುಸ್ತಕ ತಗೊಂಡ್ ಬಾ!"

"ಅತ್ತೆ, ಅದು ರೂಲ್ಸು..."

"ರೂಲ್ಸಿಗೆ ಬೆಂಕಿ ಹಚ್ಚು."

ತಂದಳು. ಗಂಗಾ ಅದರ ಮೇಲೆ ಶೇಂಗಾ ಚಟ್ನಿಪುಡಿ, ಎಣ್ಣೆ ಸುರಿದಳು. ಬೇಕಂತಲೇ. ಲೈಬ್ರರಿಯಾಕೆ ಮೂಗು ಮುರಿದು, ಹಾಳಾದದ್ದು ನಮಗೆ ಬೇಡ, ದುಡ್ಡು ಕಟ್ಟಿ ನೀವೇ ಇಟ್ಟುಕೊಳ್ಳಿ ಎಂದಳಂತೆ. ನಮ್ಮ ಮನೆಗೆ ಬಂದ ಮೇಲೆ ಹುಡುಗಿ ಮೊದಲ ಸಲ ನಕ್ಕದ್ದು ಆಗ. ಆಮೇಲೆ ಬಂದ ಪುಸ್ತಕಕ್ಕೆಲ್ಲ ಎಣ್ಣೆ. ಶಶಿ ಗೊಣಗಿದ. "ಸುರೀಲಿ ಬಿಡೋ," ಎಂದೆ.

ಒಂದು ಭಾನುವಾರ ಪಕ್ಕದೂರು ಸೌತ್‌ಲೇಕಿನಿಂದ ವೀಣಾಳ ಗೆಳತಿ ಊಟಕ್ಕೆ ಬಂದಿದ್ದಳು. ಎಣ್ಣೆ ಕುಡಿದ ಪುಸ್ತಕಗಳನ್ನು ನೋಡಿ, "ಇಷ್ಟೊಂದು ಹಠ ಮಾಡಿದ್ರೆ ಕಷ್ಟ ಆಂಟಿ. ಅಡ್ಜಸ್ಟ್ ಆಗ್ಲಿಲ್ಲ ಅಂದ್ರೆ ಆಶ್ರಮದವ್ರು ವಾಪಸ್ ತಗೋತಾರಲ್ವಾ?" ಎಂದಳು. ಅವಳ ಮಕ್ಕಳಿಗೆ ಕನ್ನಡ ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲ. ಎಲ್ಲ ಮಕ್ಕಳೂ ಹಾಗೆಯೇ ಅಂದುಕೊಂಡಿದ್ದಳು. ಗಂಗಾಳಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

"ನಿನ್ನ ಗಂಡನ್ನ ವಾಪಸ್ ತಗೋತಾರೇನು, ಅವನವ್ವನ್ನ ಕೇಳ್ಕೊಂಡ್ ಬಾ ಮೊದಲ!" ಎಂದೆ. ಆಕೆ ಉಣ್ಣದೆ ಹೋದಳು. ಹೋಗಲಿ.

ಶಾಲೆ ಶುರುವಾಯಿತು. ಗಂಗಾ ಇಂಗ್ಲಿಷನ್ನು ಹಸಿದವರು ಅನ್ನ ಬಾಚಿಕೊಂಡ ಹಾಗೆ ಬಾಚಿಕೊಂಡಳು. ವೀಣಾ "ಒಂದೂರಲ್ಲಿ..." ಎಂದರೆ ಅವಳ ಬಾಯಿಗೇ ಕೈ ಅಡ್ಡ ಹಿಡಿದು, "ಇಂಗ್ಲಿಷ್" ಅನ್ನುತ್ತಿದ್ದಳು.

"ಯಾಕವಾ, ನಮ್ಮ ಮಾತು ಕಹಿ ಆತೇನು?" ಎಂದು ಗದರಿದೆ.

ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಕನ್ನಡ ಮರತ್ರ ಆಶ್ರಮದವರು ನನ್ನ ಇಟ್ಕೊಳ್ಳಂಗಿಲ್ಲ, ಹೌದಲ್ಲ ಅಜ್ಜಿ?"

ಅವಳು ನನ್ನ ಹತ್ತಿರ ಕನ್ನಡದಲ್ಲಿ ಆಡಿದ ಕೊನೆಯ ಮಾತುಗಳಲ್ಲಿ ಅದೊಂದು.

ಈಗ ಗಂಗಾ ದೊಡ್ಡವಳಾಗಿ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವ್ವನ ಜೊತೆ ಜಗಳವಾಡಿ ಫೋನ್ ಕುಕ್ಕುತ್ತಾಳೆ, ಒಂದು ಗಳಿಗೆ ಬಿಟ್ಟು ತಾನೇ ಮತ್ತೆ ಮಾಡುತ್ತಾಳೆ. ಹೆದರಿಕೆ ಇದ್ದವರು ಹಾಗೆ ಕುಕ್ಕುವುದಿಲ್ಲ. ಅಷ್ಟು ಸಾಕು. ಆದರೆ ನನ್ನ ಜೊತೆ ಮಾತಾಡಲು ವೀಣಾ ನಡುವೆ ನಿಂತು ಅತ್ತಿತ್ತ ಹೇಳಬೇಕು. ನನ್ನ ಸ್ವಂತ ಮೊಮ್ಮಗಳು! ಮನೆಯಲ್ಲಿ ಉಳಿಯುವುದಕ್ಕೆ ಆ ಕೂಸು ತನ್ನ ಬಾಯಲ್ಲಿದ್ದ ಮಾತನ್ನೇ ಹೊರಗೆ ಹಾಕಬೇಕಾಯಿತು. ಆ ಸಿಟ್ಟು ನನಗೆ ಇಳಿದಿಲ್ಲ. ಇಳಿಯುವುದೂ ಬೇಡ.