ಹರಿಣಾಕ್ಷಿ ಅಕ್ಕನ ಎಡಗಾಲು ಮತ್ತು ಜೀಪಿನ ಕ್ಲಚ್ಚು

ನನ್ನ ಅಕ್ಕ ಹರಿಣಾಕ್ಷಿಗೆ ಅರುವತ್ತೊಂದು ವರ್ಷ. ಅವಳ ಎಡಗಾಲು ಇಪ್ಪತ್ತೆರಡು ವರ್ಷ ಒಂದು ಹಳೆಯ ಡೀಸೆಲ್ ಜೀಪಿನ ಕ್ಲಚ್ ಒತ್ತಿದ ಕಾಲು. ಆ ಕ್ಲಚ್ ಎಷ್ಟು ಗಟ್ಟಿ ಎಂದರೆ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಪಕ್ಕದ ಕಲ್ಯಾಣಕ್ಕೆ ಓಡಿಸಿಕೊಂಡು ಹೋಗಿ ಬಂದವರಿಗೆ ಊಟಕ್ಕೆ ಎರಡು ಸೇರು ಅಕ್ಕಿಯ ಅನ್ನ ಬೇಕು. ನಾನೂ ಒಮ್ಮೆ ಒತ್ತಿ ನೋಡಿದ್ದೆ. ಪೆಡಲ್ ಕೆಳಗೆ ಹೋಗಲಿಲ್ಲ, ನಾನೇ ಸೀಟಿನಿಂದ ಮೇಲೆದ್ದೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ, ಜಗಳ ಮಾತ್ರ ಅರ್ಧ ಹಿಂದಿಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳದ ಖಾರ ಸ್ವಲ್ಪ ಕಡಿಮೆ ಅನಿಸಿದರೆ ಓದುವವರು ತಾವೇ ಎರಡು ಮೆಣಸು ಹಾಕಿಕೊಳ್ಳಬೇಕು.

ಅಕ್ಕ ಮದುವೆಯಾಗಿ ಮೂಲ್ಕಿಯ ಕಡೆಯಿಂದ ಡೊಂಬಿವಲಿಗೆ ಬಂದವಳು. ಬಾವ ವಸಂತಕುಮಾರರು ಠಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತರು. ಅಕ್ಕ ಕೂರುವ ಪೈಕಿಯಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನ್ ಹಿಡಿದಳು. ಮನೆಯಲ್ಲಿ ಬೇಯಿಸಿದ್ದನ್ನು ಅಲ್ಲಿಗೆ ಮುಟ್ಟಿಸಬೇಕಲ್ಲ, ಮಳೆಗಾಲದಲ್ಲಿ ಟೆಂಪೋದವನು ಕೈಕೊಟ್ಟ. "ರಸ್ತೆ ಎಲ್ಲಿ ಉಂಟು ಅಕ್ಕ, ಹೊಂಡವೇ ಅಲ್ವಾ" ಅಂದನಂತೆ. ಮರುವಾರ ಅಕ್ಕ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವ ಸೆಕೆಂಡ್ ಹ್ಯಾಂಡ್ ಜೀಪ್ ತಂದು ತಮ್ಮ ಬಿಲ್ಡಿಂಗ್ ಸೊಸೈಟಿಯ ಅಂಗಳದಲ್ಲಿ ನಿಲ್ಲಿಸಿದಳು. ಆಗ ಅವಳಿಗೆ ಮೂವತ್ತೊಂಬತ್ತು. ಓಡಿಸಲು ಬರುತ್ತಿರಲಿಲ್ಲ. ಕಲಿತಳು. ಮೊಣಕಾಲುದ್ದ ನೀರಿನಲ್ಲಿ, ಹಿಂದೆ ಐವತ್ತು ಮಂದಿಯ ಸಾಂಬಾರಿನ ಪಾತ್ರೆ ಇಟ್ಟುಕೊಂಡು, ಒಂದು ತೊಟ್ಟು ಚೆಲ್ಲದಂತೆ ಕಲಿತಳು.

ಐದು ವರ್ಷದ ಹಿಂದೆ ಕಾರ್ಖಾನೆ ಬೇರೆ ಊರಿಗೆ ಹೋಯಿತು, ಕ್ಯಾಂಟೀನ್ ಮುಚ್ಚಿತು. ಜೀಪ್ ಉಳಿಯಿತು. ಸುಮ್ಮನೆ ಇರುತ್ತಾಳೆಯೇ? ಭಾನುವಾರ ಬಂದರೆ ಗುಡ್ಡ, ಕೆಸರು, ಕಲ್ಲುದಾರಿ ಹುಡುಕಿಕೊಂಡು ಹೋಗುವ ಜೀಪಿನವರ ಒಂದು ಗುಂಪು ಸಿಕ್ಕಿತು. ದೊಡ್ಡ ದೊಡ್ಡ ಟಯರಿನ ಗಾಡಿಯವರು ಸಿಕ್ಕಿಬಿದ್ದಲ್ಲಿ ಅಕ್ಕ ನಿಧಾನಕ್ಕೆ ಹತ್ತಿ ಹೋಗುತ್ತಿದ್ದಳು. ಗುಟ್ಟೇನು ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: "ಹಿಂದೆ ಸಾಂಬಾರು ಉಂಟು ಅಂತ ಗ್ರಹಿಸಿ ಓಡಿಸಿ."

ಹೋದ ಮಳೆಗಾಲದಲ್ಲಿ ಆ ಎಡ ಮೊಣಕಾಲು ಊದಿತು. ಡಾಕ್ಟರರು ಫೋಟೋ ತೆಗೆದು, ಸವೆದಿದೆ ಎಂದು ತೋರಿಸಿ, ಇನ್ನು ಭಾರದ ಕ್ಲಚ್ ಒತ್ತಬಾರದು ಎಂದರು. ಬಾವನಿಗೆ ಅಷ್ಟೇ ಸಾಕಾಯಿತು. ಅವರಿಗೆ ಜೀಪನ್ನು ಕಂಡರೆ ಮೊದಲಿನಿಂದಲೂ ಆಗದು, ಯಾಕೆ ಎಂದು ಯಾರಿಗೂ ಹೇಳಿದವರಲ್ಲ. ಕಲ್ಯಾಣದ ರಮಾಕಾಂತ ಎಂಬವರನ್ನು ಹುಡುಕಿ, ಗಾಡಿ ಕೊಡುವ ಮಾತಾಡಿಯೇ ಬಿಟ್ಟರು. ಘೋಡಬಂದರ್ ರಸ್ತೆಯಲ್ಲಿರುವ ಮಗಳು ರಮಿತಾ ಅಪ್ಪನ ಪಾರ್ಟಿ.

"ಮಮ್ಮಿ, ಅಬ್ ಬಸ್ ಕರೋ ನಾ, ಸಾಕು ಇನ್ನು. ನನ್ನ ಆಟೋಮ್ಯಾಟಿಕ್ ತಗೊಂಡು ಹೋಗಿ, ಕ್ಲಚ್ಚೇ ಇಲ್ಲ."

"ಕ್ಲಚ್ ಇಲ್ಲದಿದ್ರೆ ನನ್ನ ಎಡಗಾಲು ಎಂತ ಮಾಡುವುದು, ನಿದ್ದೆಯಾ?" ಎಂದಳು ಅಕ್ಕ.

ಮಾತು ಜೋರೇ. ಆದರೆ ಮರುದಿನ ಮಧ್ಯಾಹ್ನ ನಾನು ಅವಳ ಮನೆಗೆ ಹೋದಾಗ ಅವಳು ಕೆಳಗೆ ಅಂಗಳದಲ್ಲಿ, ನಿಂತ ಜೀಪಿನೊಳಗೆ ಕೂತು ಅಳುತ್ತಿದ್ದಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಅಮ್ಮ ಹೋದಾಗ ಒಮ್ಮೆ, ಮತ್ತೆ ಆ ದಿನ.

"ಮೋಹನ, ಈ ಗಾಡಿ ಹೋದ್ರೆ ನಾನು ಯಾರು ಮಾರಾಯ? ಸಾವಿರ ಜನ ಇರುವ ಬಿಲ್ಡಿಂಗಿನಲ್ಲಿ ಇನ್ನೊಂದು ಅಜ್ಜಿ, ಅಷ್ಟೆ."

ನಾನು ಅಲ್ಲಿಂದಲೇ ಯೋಗೀಶನಿಗೆ ಫೋನ್ ಮಾಡಿದೆ. ಯೋಗೀಶ ನಮ್ಮೂರಿನವರ ಮಗ, ಹುಟ್ಟಿ ಬೆಳೆದದ್ದು ದಿವಾದಲ್ಲಿ, ಕಲ್ಯಾಣದ ಹತ್ತಿರ ಗ್ಯಾರೇಜ್ ಇಟ್ಟುಕೊಂಡವನು. "ಟೆನ್ಶನ್ ಮತ್ ಲೋ, ಮೋಹನಣ್ಣ. ಕ್ಲಚ್ ಅಸಿಸ್ಟ್ ಹಾಕುವ. ಎಷ್ಟೋ ಗಾಡಿಗೆ ಹಾಕಿದ್ದೇನೆ" ಎಂದ. ಪೆಡಲಿನ ಪಕ್ಕದಲ್ಲಿ ಒಂದು ಗಟ್ಟಿ ಸ್ಪ್ರಿಂಗ್, ಅದರ ನಡುವೆ ಕೊಳವೆಯೊಳಗೆ ಜಾರುವ ಒಂದು ಸರಳು. ನೀವು ಸ್ವಲ್ಪ ಒತ್ತಿದರೆ ಸಾಕು, ಉಳಿದದ್ದನ್ನು ಸ್ಪ್ರಿಂಗ್ ಒತ್ತಿಕೊಡುತ್ತದೆ. ಕಾಲೆತ್ತಿದರೆ ಸರಳು ಜಾರಿ ಪೆಡಲ್ ಮೇಲೆ ಬರುತ್ತದೆ. ಇಷ್ಟೇ ವಿದ್ಯೆ.

ಬಾವ ಒಂದು ಷರತ್ತು ಹಾಕಿದರು. ಜನವರಿಯಲ್ಲಿ ಜೀಪಿನವರ ಗುಂಪು ಬದಲಾಪುರದ ಆಚೆ ಒಂದು ಗುಡ್ಡ ಹತ್ತುವುದಿತ್ತು. "ಆ ಭಾನುವಾರ ಗುಡ್ಡ ಹತ್ತಿ ಇಳಿದು, ಮೊಣಕಾಲು ಹಿಡ್ಕೊಳ್ಳದೆ ಗಾಡಿಯಿಂದ ಇಳಿ. ಆಮೇಲೆ ನಾನು ಬಾಯಿ ತೆರೆಯುವುದಿಲ್ಲ. ಇಲ್ಲದಿದ್ರೆ ಸೋಮವಾರ ಗಾಡಿ ರಮಾಕಾಂತರಿಗೆ."

"ಆಯ್ತು" ಎಂದಳು ಅಕ್ಕ.

ಯೋಗೀಶ ಎರಡು ಗಂಟೆ ಜೀಪಿನೊಳಗೆ ತಲೆಕೆಳಗಾಗಿ ಮಲಗಿ ಕೆಲಸ ಮಾಡಿದ. ಹೊರಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅವನು ಎದ್ದ ಮೇಲೆ ಅಕ್ಕ ಸೀರೆ ಸಿಕ್ಕಿಸಿಕೊಂಡು ಕೂತಳು, ಉಸಿರು ಹಿಡಿದಳು, ಇಪ್ಪತ್ತೆರಡು ವರ್ಷದ ಅಭ್ಯಾಸದಲ್ಲಿ ಪೂರ್ತಿ ಬಲ ಹಾಕಿ ತುಳಿದಳು. ಧಡ್ ಎಂದು ಪಾದ ನೆಲಕ್ಕೆ ಬಡಿಯಿತು. ಅಕ್ಕ ಒಂದು ಕ್ಷಣ ಪೆಡಲ್ ಮುರಿದೇ ಹೋಯಿತು ಎಂದುಕೊಂಡಳು. ಮತ್ತೊಮ್ಮೆ ಮೆಲ್ಲಗೆ ಒತ್ತಿದಳು. ಆಮೇಲೆ ಹೆಬ್ಬೆರಳಿನಲ್ಲಿ ಒತ್ತಿದಳು.

"ಬೆಣ್ಣೆ!" ಎಂದು ಕಿರುಚಿದಳು. "ಮೋಹನಾ, ಬೆಣ್ಣೆ ಮಾರಾಯಾ, ಬೆಣ್ಣೆ!"

ಕಲ್ಯಾಣದಿಂದ ಡೊಂಬಿವಲಿಗೆ ಬರುವಾಗ ಅವಳು ಬೇಕಾದಲ್ಲಿಯೂ ಬೇಡದಲ್ಲಿಯೂ ಗೇರ್ ಬದಲಾಯಿಸಿದಳು. ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಲ್ಲರೂ ಹಾರ್ನ್ ಹೊಡೆದು ಶಾಪ ಹಾಕುತ್ತಿದ್ದರೆ ಇವಳೊಬ್ಬಳು, ನಿಲ್ಲಲು ಸಿಕ್ಕಿತು, ಕ್ಲಚ್ ಒತ್ತಲು ಸಿಕ್ಕಿತು ಎಂದು ನಗುತ್ತಿದ್ದಳು. ಕಾಲಿನ ಲೆಕ್ಕ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಜೀಪು ಪ್ರತಿ ಸಲ ಕಪ್ಪೆಯ ಹಾಗೆ ಹಾರುತ್ತಿತ್ತು. ಹಿಂದೆ ಕೂತ ನನ್ನ ತಲೆ ಮೇಲಿನ ಕಂಬಿಗೆ ಮೂರು ಸಲ ಬಡಿಯಿತು. ನನಗೂ ನಗು ತಡೆಯಲಾಗಲಿಲ್ಲ.

ಆ ಸಂಜೆ ಸೊಸೈಟಿಯ ಹೆಂಗಸರೆಲ್ಲ ಜೀಪಿನ ಮುಂದೆ ಸಾಲು ನಿಂತರು. ಅಕ್ಕ ಒಬ್ಬೊಬ್ಬರನ್ನೇ ಹತ್ತಿಸಿ ಕ್ಲಚ್ ಒತ್ತಿಸಿದಳು. ಹೊಸ ಮಗು ನೋಡಲು ಬಂದವರ ಹಾಗೆ ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಹತ್ತಿ, ಒತ್ತಿ, "ಅಯ್ಯೋ, ಕಿತ್ತೀ ಸಾಫ್ಟ್, ಎಷ್ಟು ಮೆತ್ತಗೆ!" ಎಂದು ಇಳಿದರು. ಇಳಿದವರ ಕೈಗೆ ಅಕ್ಕ ಅವಲಕ್ಕಿ ಪಂಚಕಜ್ಜಾಯ ಹಾಕಿದಳು. ಎರಡನೇ ಸಲ ಸಾಲಿಗೆ ನಿಂತವರು ಕ್ಲಚ್ಚಿಗೆ ಬಂದವರೋ ಪಂಚಕಜ್ಜಾಯಕ್ಕೆ ಬಂದವರೋ ನನಗೆ ಗೊತ್ತಾಗಲಿಲ್ಲ. ಅಕ್ಕನಿಗೆ ಅಂದು ಸ್ವರ್ಗಕ್ಕೆ ಮೂರೇ ಗೇಣು. ಬಾವ ಮಾತ್ರ ಮೂರನೇ ಮಹಡಿಯ ಕಿಟಕಿಯಲ್ಲಿ ಪೇಪರ್ ಹಿಡಿದು ಕೂತಿದ್ದರು, ಕೆಳಗೆ ಇಳಿಯಲಿಲ್ಲ.

ನಾಲ್ಕನೇ ದಿನ ಸ್ಪ್ರಿಂಗ್ ಕಿಂಯ್ ಎಂದಿತು. ಯೋಗೀಶನಿಗೆ ಹೇಳಿದರೆ, "ಬನ್ನಿ ಅಕ್ಕ, ಗ್ರೀಸ್ ಹಾಕಿ ಕೊಡ್ತೇನೆ" ಎಂದ. ಅಷ್ಟಕ್ಕೆ ಕಲ್ಯಾಣಕ್ಕೆ ಹೋಗುವುದೇ? ನಮ್ಮವರ ಮನೆಯಲ್ಲಿ ಕಿಂಯ್ ಎನ್ನುವ ಯಾವುದಕ್ಕೂ ಔಷಧ ಒಂದೇ, ತೆಂಗಿನೆಣ್ಣೆ. ಬಾಗಿಲಿಗೆ ಅದೇ, ಹೊಲಿಗೆ ಯಂತ್ರಕ್ಕೆ ಅದೇ, ದೋಸೆ ಕಾವಲಿಗೆ ಅದೇ, ತಲೆಗೂ ಮೊಣಕಾಲಿಗೂ ಅದೇ. ಊರಿನ ಗಾಣದಿಂದ ತರಿಸಿದ ಶುದ್ಧ ಎಣ್ಣೆಯನ್ನು ಅಕ್ಕ ಆ ಕೊಳವೆಯ ತುಂಬ ಹೊಯ್ದಳು. ಕಿಂಯ್ ನಿಂತಿತು. ಕ್ಲಚ್ ಇನ್ನೂ ನುಣುಪಾಯಿತು. ಯೋಗೀಶನಿಗಿಂತ ತಾನೇ ದೊಡ್ಡ ಮೆಕ್ಯಾನಿಕ್ ಎಂದು ಅವಳು ಎರಡು ದಿನ ಹೇಳಿಕೊಂಡು ತಿರುಗಿದಳು.

ಗುಡ್ಡ ಹತ್ತುವ ಹಿಂದಿನ ದಿನ, ಶನಿವಾರವೇ, ಅಕ್ಕ, ಬಾವ, ನಾನು ಮೂವರೂ ಬದಲಾಪುರಕ್ಕೆ ಹೋಗಿ ನಮ್ಮ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆವು. ಜೀಪು ಹೊರಗೆ ಬಯಲಿನಲ್ಲಿ ನಿಂತಿತ್ತು. ಮುಂಬಯಿಯ ಸೆಕೆಯಲ್ಲಿ ಬೆಂದವರಿಗೆ ಬದಲಾಪುರದ ಜನವರಿ ಎಂದರೆ ಹಿಮಾಲಯ. ಬೆಳಿಗ್ಗೆ ಮೊಬೈಲು ಹನ್ನೊಂದು ಡಿಗ್ರಿ ತೋರಿಸುತ್ತಿತ್ತು. ಬಾವ ಮಂಕಿ ಟೋಪಿಯೊಳಗೆ ಮೂಗು ಮಾತ್ರ ಹೊರಗಿಟ್ಟುಕೊಂಡು ಸ್ನಾನದ ಮನೆಯ ಬಾಗಿಲಲ್ಲಿ ಗೊಣಗುತ್ತಿದ್ದರು: "ತಲೆಗೆ ಹಾಕುವ ಅಂದ್ರೆ ಎಣ್ಣೆ ಬಾಟ್ಲಿಯಿಂದ ಬೀಳುವುದೇ ಇಲ್ಲ, ಕಲ್ಲಾಗಿದೆ."

ಅಕ್ಕ ಕೇಳಿಸಿಕೊಳ್ಳಲಿಲ್ಲ. ಹೊಸ ಕಾಟನ್ ಸೀರೆ, ಕ್ಯಾನ್ವಾಸ್ ಬೂಟು, ಮುಡಿಯಲ್ಲಿ ಅಬ್ಬಲಿಗೆ. ಹೋಗಿ ಜೀಪಿಗೆ ಕೂತಳು. ಎಂಜಿನ್ ಎರಡನೇ ಸಲಕ್ಕೆ ಹೊತ್ತಿಕೊಂಡಿತು. ಕ್ಲಚ್ ಒತ್ತಿದಳು, ಹೋಯಿತು. ಗೇರ್ ಹಾಕಿದಳು. ಕಾಲೆತ್ತಿದಳು.

ಪೆಡಲ್ ಮೇಲೆ ಬರಲಿಲ್ಲ.

ಅಲ್ಲೇ ಕೆಳಗೆ ಅಂಟಿಕೊಂಡು ಕೂತುಬಿಟ್ಟಿತು. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಒಂದಿಂಚು ಅಲುಗಲಿಲ್ಲ. ಅಕ್ಕ ಪಾದದ ತುದಿ ಹಾಕಿ ಮೇಲೆಳೆದಳು, ಕೈಯಲ್ಲಿ ಎಳೆದಳು. ಯೋಗೀಶನ ಫೋನ್ ಹತ್ತಲಿಲ್ಲ. ಅವಳ ಮುಖ ನೋಡಲಾಗುತ್ತಿರಲಿಲ್ಲ.

"ಆಯ್ತಲ್ಲ, ಆಟ ಮುಗೀತು" ಎಂದಳು. ಧ್ವನಿ ಸಣ್ಣದಾಗಿತ್ತು. "ಸೋಮವಾರದವರೆಗೆ ಎಂತಕ್ಕೆ ಕಾಯುವುದು. ರಮಾಕಾಂತರಿಗೆ ಇವತ್ತೇ ಬರ್ಲಿಕ್ಕೆ ಹೇಳಿ."

ಬಾವ ಜೀಪಿನ ಪಕ್ಕ ನಿಂತಿದ್ದರು. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅವರು ಗೆದ್ದಂತೆಯೇ. ಅವರು ಬಗ್ಗಿ ಸ್ಪ್ರಿಂಗನ್ನು ನೋಡಿದರು, ಬೆರಳು ಹಾಕಿದರು, ಬೆರಳಿಗೆ ಬೆಳ್ಳಗೆ ಅಂಟಿದ್ದನ್ನು ಮೂಸಿದರು.

"ಹರಿಣೀ, ಇದಕ್ಕೆ ಎಂತ ಎಣ್ಣೆ ಹಾಕಿದ್ದು ನೀನು?"

"ನಮ್ಮದೇ. ಯಾಕೆ?"

"ಯಾಕೆ ಅಂತ ಕೇಳ್ತಾಳೆ! ಅಲ್ಲಿ ಬಾಟ್ಲಿಯಲ್ಲಿ ಕಲ್ಲಾದ ಎಣ್ಣೆ ಇಲ್ಲಿ ನೀರಾಗಿ ಇರ್ತದಾ? ಹೆಪ್ಪುಗಟ್ಟಿ ಸರಳನ್ನು ಕಚ್ಚಿ ಹಿಡಿದಿದೆ. ಮೋಹನಾ, ಹೋಗು, ಒಳಗಿಂದ ಬಿಸಿನೀರು ತಾ!"

ನಾನು ಓಡಿದೆ. ಹಂಡೆಯ ನೀರು ಒಂದು ಕೊಡಪಾನದಲ್ಲಿ ತಂದೆ. ಅಷ್ಟರಲ್ಲಿ ಬಾವ ಫ್ಲಾಸ್ಕಿನಲ್ಲಿದ್ದ ತಮ್ಮ ಜೀರಿಗೆ ಕಷಾಯವನ್ನೇ ಸ್ಪ್ರಿಂಗಿಗೆ ಹೊಯ್ದಾಗಿತ್ತು. ತಲೆಯ ಮಂಕಿ ಟೋಪಿ ಕಿತ್ತು, ಬಿಸಿನೀರಿನಲ್ಲಿ ಅದ್ದಿ, ಆ ಕೊಳವೆಗೆ ಸುತ್ತಿ ಶಾಖ ಕೊಡತೊಡಗಿದರು. ಬಾಣಂತಿಗೂ ಯಾರೂ ಅಷ್ಟು ಮುತುವರ್ಜಿಯಿಂದ ಶಾಖ ಕೊಟ್ಟಿರಲಿಕ್ಕಿಲ್ಲ. ಮೂರನೇ ಸಲಕ್ಕೆ ಎಣ್ಣೆ ತೊಟ್ಟಿಕ್ಕಿತು. ಟಪ್ ಎಂದು ಪೆಡಲ್ ಮೇಲೆ ಹಾರಿತು, ಜೀಪೂ ಹಾರಿತು, ನಾನು ಕೊಡಪಾನದ ಸಮೇತ ಹಾರಿದೆ. ಅಕ್ಕ ಕುಣಿದಾಡಿದಳು. ಬಾವ ಕೊಳವೆಯನ್ನೆಲ್ಲ ಒರೆಸಿ ಒಣಗಿಸಿದರು. ಗುಡ್ಡದ ಬುಡದಲ್ಲಿ ಗುಂಪಿನ ಸಂದೇಶ ಎಂಬವನು ತನ್ನ ಡಬ್ಬಿಯಿಂದ ಗ್ರೀಸ್ ಕೊಟ್ಟ. ನಡೆದದ್ದು ಕೇಳಿ ಅವನು ಟಯರಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ.

ಗುಡ್ಡ ಹತ್ತುವುದನ್ನು ಏನೆಂದು ಬರೆಯಲಿ? ನಾನು ಹಿಂದೆ ಕಣ್ಣು ಮುಚ್ಚಿ ಕೂತಿದ್ದೆ. ಒಂದು ಚಕ್ರ ಗಾಳಿಯಲ್ಲಿ, ಒಂದು ಕಲ್ಲಿನ ಮೇಲೆ, ಆಕಾಶ ಕಾಲ ಹತ್ತಿರ. ಅಕ್ಕ ಮಾತ್ರ, "ಸಾಂಬಾರು, ಸಾಂಬಾರು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಕ್ಲಚ್ಚನ್ನು ಅಷ್ಟಿಷ್ಟೇ ಬಿಡುತ್ತ ಹತ್ತಿಸಿದಳು. ನಮಗಿಂತ ಮುಂದೆ ಹೋದ ಎರಡು ಗಾಡಿ ನಡುವಿನಲ್ಲೇ ನಿಂತಿದ್ದವು. ಮೇಲೆ ಮುಟ್ಟಿದಾಗ ನಾನು ದೇವರಿಗಿಂತ ಮೊದಲು ಯೋಗೀಶನನ್ನು ನೆನೆದೆ.

ಇಳಿದು ಬಂದು, ಗುಡ್ಡದ ಬುಡದಲ್ಲೇ ಕಾಯುತ್ತಿದ್ದ ಬಾವನ ಎದುರು ಜೀಪು ನಿಲ್ಲಿಸಿದಳು. ಎಡಗಾಲು ಮೊದಲು ನೆಲಕ್ಕೆ ಊರಿದಳು, ಬಲಗಾಲು ಆಮೇಲೆ. ಕೈ ಎರಡೂ ಸೊಂಟದ ಮೇಲೆ. "ಹಿಡ್ಕೊಂಡೆನಾ ಮೊಣಕಾಲು? ನೋಡಿದ್ರಾ?"

ಬಾವ ಅವಳನ್ನು ದಾಟಿ ಹೋಗಿ, ಜೀಪಿಗೆ ಹತ್ತಿ, ಡ್ರೈವರ್ ಸೀಟಿನಲ್ಲಿ ಕೂತರು. ಚಪ್ಪಲಿ ಬಿಟ್ಟರು. ಎಡಗಾಲಿನಲ್ಲಿ ಕ್ಲಚ್ ಒತ್ತಿದರು. ಅದು ಕೊನೆಯವರೆಗೆ ಹೋಯಿತು. ಅವರು ಕಾಲು ತೆಗೆಯದೆ ಹಾಗೆಯೇ ಕೂತರು. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು.

"ನೀನು ಗಾಡಿ ತಂದ ವರ್ಷ ಊರಿಗೆ ಹೋಗಿದ್ದಿಯಲ್ಲ" ಎಂದರು ಅಕ್ಕನ ಕಡೆ ನೋಡದೆ. "ಹದಿನೈದು ದಿನ ಬೆಳಿಗ್ಗೆ ಬೇಗ ಎದ್ದು, ಯಾರೂ ಇಲ್ಲದಾಗ ಇಳಿದು ಒತ್ತಿ ನೋಡಿದೆ. ಒಂದು ದಿನವೂ ಕೆಳಗೆ ಹೋಗ್ಲಿಲ್ಲ. ನೀನು ಬಂದು ಒಂದೇ ಸಲಕ್ಕೆ ಒತ್ತಿ ಹೋದೆ. ನನಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು ಮಾರಾಯ್ತಿ."

ಅಕ್ಕನ ಕೈ ಸೊಂಟದಿಂದ ಇಳಿಯಿತು. ಇಪ್ಪತ್ತೆರಡು ವರ್ಷ ಆ ಮನುಷ್ಯ ಜೀಪನ್ನು ಬೈದದ್ದೆಲ್ಲ ಅವಳಿಗೆ ಒಟ್ಟಿಗೆ ನೆನಪಾಗಿರಬೇಕು. ಬೈಯುತ್ತಾಳೆ ಎಂದುಕೊಂಡೆ. ಅವಳು ಸುತ್ತು ಹೊಡೆದು ಹೋಗಿ, ತಾನು ಒಮ್ಮೆಯೂ ಕೂರದ ಪಕ್ಕದ ಸೀಟಿಗೆ ಹತ್ತಿದಳು.

"ಕೀ ತಿರುಗಿಸಿ" ಎಂದಳು. "ಈಗ ಫಸ್ಟ್ ಹಾಕಿ. ಕ್ಲಚ್ ಮೆಲ್ಲ ಬಿಡಿ. ಮೆಲ್ಲ ಅಂದ್ರೆ ಮೆಲ್ಲ!"

ಅಷ್ಟರಲ್ಲಿ ನನ್ನ ಕೈಗೆ ಕೊಟ್ಟಿದ್ದ ಬಾವನ ಫೋನು ಬಡಿಯಿತು. ಕಲ್ಯಾಣದ ರಮಾಕಾಂತರು. ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಹಿಂದಿಯಲ್ಲಿ ಕೇಳಿದರು. ಬಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅರುವತ್ತೇಳನೇ ವಯಸ್ಸಿನಲ್ಲಿ, ಇಡೀ ಬಯಲಿಗೆ ಕೇಳುವಂತೆ ಕೂಗಿದರು: "ಬರುವುದು ಬೇಡ ಅನ್ನು! ನಾನು ಡ್ರೈವಿಂಗ್ ಕಲೀತಾ ಇದ್ದೇನೆ!"

ಜೀಪು ಮೂರು ಸಲ ಹಾರಿ ಬಂದ್ ಬಿತ್ತು. ಅವರು ಮತ್ತೆ ಕೀ ತಿರುಗಿಸಿದರು.