ಸರ್ ಕೈ ಎತ್ತಿದ ಭಾನುವಾರ

ಹೋದ ತಿಂಗಳು ಒಂದು ಬೆಳಿಗ್ಗೆ ಪಾಲಿಕೆಯವರು ನಮ್ಮ ಬೀದಿಯ ಮೋರಿ ಪಕ್ಕ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋಗಿದ್ದರು. ಹಾಲು ತರಲು ಇಳಿದವನ ಮೂಗಿಗೆ ಆ ಘಾಟು ಬಡಿದದ್ದೇ ತಡ, ನಮ್ಮ ಫುಟ್‌ಬಾಲ್ ಕೋಚ್ ನೆನಪಾದರು. ಸುಣ್ಣ ಸಾಲದಿದ್ದ ದಿನ ಅವರು ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ನಮ್ಮೆಲ್ಲರ ಕಾಲ್ಚೀಲದಲ್ಲೂ ಅದೇ ವಾಸನೆ. ಅದೇ ವಾರ ಆಫೀಸಿನಲ್ಲಿ ಹುಡುಗರು ಹೊರದೇಶದ ಯಾವುದೋ ದೊಡ್ಡ ಕ್ಲಬ್ಬಿನ ವಿಷಯಕ್ಕೆ ಜಗಳವಾಡುತ್ತಿದ್ದರು. ಖರ್ಚಿನ ನಿಯಮ ಮುರಿದದ್ದಕ್ಕೆ ಅದರ ಪಾಯಿಂಟ್ ಕಿತ್ತುಕೊಂಡಿದ್ದರಂತೆ. ಸರಿಯೋ ತಪ್ಪೋ ಅಂತ ನನ್ನನ್ನೂ ಕೇಳಿದರು. ನನಗೆ ನಗು ಬಂತು. ಆ ಜಗಳವನ್ನು ನಾವು ಆರ್.ಟಿ. ನಗರದ ಒಂದು ಮೈದಾನದಲ್ಲಿ ಎಂದೋ ಆಡಿ ಮುಗಿಸಿದ್ದೆವು. ಮುಗಿಸಿದ್ದೆವು ಅಂತ ಅಂದುಕೊಂಡಿದ್ದೆವು…

ಅವರನ್ನು ನಾವು ‘ಸರ್’ ಅನ್ನುತ್ತಿದ್ದೆವು. ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ತಂಡದಲ್ಲಿ ಆಡಿ, ಅಲ್ಲೇ ನಿವೃತ್ತರಾಗಿ, ಗಂಗಾನಗರದಲ್ಲಿ ಮನೆ ಮಾಡಿಕೊಂಡಿದ್ದರು. ಭಾನುವಾರ ನಾವು ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಗೆರೆ ಎಳೆದು ಮುಗಿಸಿರುತ್ತಿದ್ದರು. ಬೈಗುಳ ಬಾರದ ಮನುಷ್ಯ. ತೀರಾ ಸಿಟ್ಟು ಬಂದರೆ “ನೀವು ಮನೆಗೋಗಿ ಮಲಗ್ರೋ” ಅನ್ನುತ್ತಿದ್ದರು, ಅಷ್ಟೇ. ನಾನು ಹೆಚ್ಚಾಗಿ ಬೆಂಚಿನ ಮೇಲೆ ಕೂರುವ ಆಟಗಾರ. ಹಾಗಾಗಿ ಅವರ ಪಕ್ಕ ಕೂತು ಆಟ ನೋಡುವ ಯೋಗ ಬೇರೆಯವರಿಗಿಂತ ನನಗೇ ಜಾಸ್ತಿ ಇತ್ತು.

ನಮ್ಮದು ಏಳು ಕ್ಲಬ್ಬುಗಳ ಸಣ್ಣ ಲೀಗ್. ಹೆಬ್ಬಾಳ, ಯಲಹಂಕ, ಯಶವಂತಪುರ, ಹೀಗೆ ಉತ್ತರದ ಏರಿಯಾಗಳವು. ಯಾರ ಮೈದಾನದಲ್ಲಿ ಪಂದ್ಯವೋ ಅವರು ಎರಡೂ ತಂಡಕ್ಕೆ ತಿಂಡಿ ಕೊಡಬೇಕು. ಚಿತ್ರಾನ್ನ, ಒಂದು ಬಾಳೆಹಣ್ಣು, ಟೀ. ಮೊದಲ ತಟ್ಟೆ ಬಂದವರಿಗೆ, ಆಮೇಲೆ ನಮಗೆ. ಅರ್ಧ ಗಂಟೆ ಮುಂಚೆ ಮೊಣಕಾಲಿಗೆ ಒದ್ದವನಿಗೇ ಚಟ್ನಿ ಬಡಿಸುವಾಗ ಬರುತ್ತಿದ್ದ ನಗು ಇವತ್ತಿಗೂ ನನಗೆ ಇಷ್ಟ.

ಇನ್ನೊಂದು ನಿಯಮವೂ ಇತ್ತು, ಅದು ಸರ್ ಹಟ ಹಿಡಿದು ತಂದದ್ದು. ಕ್ಲಬ್ಬು ತನ್ನ ಏರಿಯಾದಲ್ಲಿ ಎತ್ತಿದ ಚಂದಾದಲ್ಲೇ ನಡೆಯಬೇಕು, ಆಟಗಾರರಿಗೆ ಸಂಬಳ ಕೊಡಬಾರದು, ಕೊಟ್ಟರೆ ನಾಲ್ಕು ಪಾಯಿಂಟ್ ಕಟ್. ಅದಕ್ಕೆ ಕಾರಣವಿತ್ತು. ಅವರ ಕಾಲದಲ್ಲಿ ಬಾರ್ ಮಾಲೀಕರೊಬ್ಬರು ಸುತ್ತಮುತ್ತಲ ಒಳ್ಳೆಯ ಹುಡುಗರನ್ನೆಲ್ಲ ದುಡ್ಡು ಕೊಟ್ಟು ಒಂದೇ ಕ್ಲಬ್ಬಿಗೆ ಸೇರಿಸಿಕೊಂಡಿದ್ದರಂತೆ. ಮಿಕ್ಕ ಕ್ಲಬ್ಬುಗಳಿಗೆ ಆಡಲು ಜನವಿಲ್ಲದೆ ಅವು ಮುಚ್ಚಿದವು. ಆಮೇಲೆ ಬಾರೂ ಮುಚ್ಚಿತು, ಆ ಕ್ಲಬ್ಬೂ ಹೋಯಿತು.

ನಮಗೆ ಒದಗಿದ ಸಾಹುಕಾರರು ಬಾರಿನವರಲ್ಲ, ಬಾಗಲೂರಿನವರು. ಜಮೀನು ಲೇಔಟ್ ಆದಮೇಲೆ ನಮ್ಮ ಏರಿಯಾದಲ್ಲಿ ಮನೆ ಕಟ್ಟಿಸಿ ಬಂದಿದ್ದರು. ಫುಟ್‌ಬಾಲಿನಲ್ಲಿ ಆಫ್‌ಸೈಡ್ ಅಂದರೇನು ಅಂತ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ಆದರೆ ನಮ್ಮ ಮೇಲೆ ಪ್ರಾಣವನ್ನೇ ಇಟ್ಟಿದ್ದರು. ಅವರನ್ನು ಕ್ಲಬ್ಬಿನ ಅಧ್ಯಕ್ಷರನ್ನಾಗಿ ಮಾಡಿದೆವು. ಆ ಸೀಸನ್ನಿಗೆ ಊರಿನ ಆಚೆ ಕಡೆಯಿಂದ ಇಬ್ಬರು ಫಾರ್ವರ್ಡ್‌ಗಳು ಬಂದರು. ಸರ್ ಕೇಳಿದಾಗ ಅಧ್ಯಕ್ಷರು “ಬಸ್ ಚಾರ್ಜ್ ಕೊಟ್ಟಿವ್ನಿ, ಅಷ್ಟೇಯ” ಅಂದರು. ಸರ್ ನಂಬಿದರು.

ಗೆದ್ದೆವು. ಗೆದ್ದದ್ದು ಆ ಇಬ್ಬರಿಂದ ಮಾತ್ರ ಅಲ್ಲ. ನಮ್ಮ ಕೀಪರ್ ಆ ವರ್ಷ ಗೋಡೆಯ ಹಾಗೆ ನಿಂತಿದ್ದ. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತು ಬಂದು ಅದೇ ಭುಜದಲ್ಲಿ ಡೈವ್ ಹೊಡೆಯುತ್ತಿದ್ದ. ಲೀಗ್ ಗೆದ್ದ ತಂಡ ಮುಂದಿನ ವರ್ಷ ನಗರದ ಡಿವಿಷನ್ನಿನಲ್ಲಿ ಆಡಬಹುದಿತ್ತು. ಅಲ್ಲಿ ಆಡಿದರೆ ಸರ್ಕಾರಿ ಇಲಾಖೆಗಳ ತಂಡದವರು ಬಂದು ನೋಡುತ್ತಾರೆ. ಅವರ ಕಣ್ಣಿಗೆ ಬಿದ್ದರೆ ಕ್ರೀಡಾ ಕೋಟಾದಲ್ಲಿ ನೌಕರಿ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಅದೇ ಕೊನೆಯ ಅವಕಾಶ. ನಮಗೆಲ್ಲ ಗೊತ್ತಿತ್ತು. ಸರ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಯಲಹಂಕದವರ ಮೇಲೆ. ಗೆದ್ದು, ಅವರಿಗಿಂತ ಎರಡು ಪಾಯಿಂಟ್ ಮುಂದೆ ನಿಂತು ಮುಗಿಸಿದೆವು. ಅಧ್ಯಕ್ಷರ ಖುಷಿ ಹೇಳತೀರದು. ಚಿತ್ರಾನ್ನದ ಜಾಗದಲ್ಲಿ ಎರಡು ಹಂಡೆ ಬಿರಿಯಾನಿ ಬಂದು ಇಳಿಯಿತು. ಸೌಟು ತಾವೇ ಹಿಡಿದು, ಯಲಹಂಕದ ಸೆಕ್ರೆಟರಿಯ ತಟ್ಟೆಗೆ ಬೇಡ ಬೇಡ ಅಂದರೂ ಬಿಡದೆ ಪೀಸು ಹಾಕುತ್ತಾ, “ಉಣ್ಣಿ ಸ್ವಾಮಿ, ಒಟ್ಟೆ ತುಂಬಾ ಉಣ್ಣಿ” ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಉಪಚಾರದ ಉಮೇದು ನೋಡಿ, ಬಾಯಿ ಮುಂದುವರಿಯಿತು. “ನಾ ಯಾರ್ಗೂ ಕಮ್ಮಿ ಮಾಡಾಕಿಲ್ಲ. ಆ ಎಲ್ಡು ಉಡುಗ್ರಿಗೆ ತಿಂಗಳಾ ತಿಂಗಳಾ ಕೈಗ್ ಕೊಡ್ತೀನಿ. ಇಂಗೆ ಯಾವ್ ಕ್ಲಬ್ನಾಗ್ ಕೊಡ್ತಾರೆ ಏಳಿ?”

ಸೆಕ್ರೆಟರಿ ತಲೆ ಆಡಿಸಿದ, ಇನ್ನೊಂದು ಸೌಟು ಹಾಕಿಸಿಕೊಂಡ, ಕೈ ತೊಳೆದ, ನೇರ ಹೋಗಿ ಲೀಗಿನವರಿಗೆ ದೂರು ಕೊಟ್ಟ. ಉಂಡ ಮನೆಗೆ ಎರಡು ಬಗೆಯೋದು ಅಂದರೆ ಇದೇ ಅಂತ ನಾವು ಹಲ್ಲು ಕಡಿದೆವು. ಈಗ ಯೋಚಿಸಿದರೆ ಅವನು ಬೇರೆ ಏನು ಮಾಡಬೇಕಿತ್ತೋ ಗೊತ್ತಿಲ್ಲ.

ಮುಂದಿನ ಭಾನುವಾರ ಮೈದಾನದ ಮೂಲೆಯ ಮಳೆಮರದ ಕೆಳಗೆ ಏಳು ಕ್ಲಬ್ಬಿನ ಏಳು ಜನ ಸೇರಿದರು. ನಮ್ಮ ಪರವಾಗಿ ಸರ್. ಅಧ್ಯಕ್ಷರು ಹಿಂದೆ ನಿಂತು, “ಎಷ್ಟ್ ದಂಡ ಏಳಿ, ಈಗಿಂದೀಗ್ಲೇ ಕೊಟ್ಬುಡ್ತೀನಿ” ಅಂದರು. ಆಗ ಸರ್ ಹೇಳಿದ್ದು ನನಗೆ ಹಾಗೇ ನೆನಪಿದೆ.

“ದುಡ್ಡಿರೋರಿಗೆ ದಂಡ ಅಂದ್ರೆ ಟಿಕೆಟ್ ಇದ್ದಂಗೆ ಕಣ್ರೀ. ಕೊಟ್ಟು ಒಳಗ್ ಬರ್ತೀರಿ, ಅಷ್ಟೇ.”

ಪಾಯಿಂಟ್ ಕಟ್ ಮಾಡಲು ಮೂರು ಕೈ ಎದ್ದವು, ಬೇಡ ಅನ್ನಲು ಮೂರು. ಬೇಡ ಅಂದವರು ಹೇಳಿದ್ದೂ ನ್ಯಾಯವಾಗಿಯೇ ಇತ್ತು: ತಪ್ಪು ಮಾಡಿದ್ದು ದುಡ್ಡು ಕೊಟ್ಟವರು, ಬೆವರು ಹರಿಸಿದವರು ಬೇರೆ. ಉಳಿದದ್ದು ಸರ್ ಒಬ್ಬರೇ. ಸ್ವಂತ ಕ್ಲಬ್ಬು, ಸುಮ್ಮನಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಸರ್ ಕೈ ಎತ್ತಿದರು. ಕಟ್ ಮಾಡಿ ಅಂತ.

ಕೀಪರ್ ನಮ್ಮ ಜೊತೆ ಗೋಲ್‌ಪೋಸ್ಟಿನ ಹತ್ತಿರ ನಿಂತಿದ್ದ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಸರ್ ಬಂದು ಏನಾದರೂ ಹೇಳುತ್ತಾರೆ ಅಂತ ಕಾದೆವು. ಅವರು ನಮ್ಮ ಕಡೆ ತಿರುಗಿಯೂ ನೋಡದೆ ಮೊಪೆಡ್ ಹತ್ತಿ ಹೊರಟುಹೋದರು. “ಪಾಯಿಂಟ್ ತಂದಿದ್ದು ನಾವು ಮಗಾ, ಅವ್ರಪ್ಪನ ದುಡ್ಡಲ್ಲ” ಅಂದ ಕೀಪರ್. ಯಾರ ಅಪ್ಪ ಅಂತ ಯಾರೂ ಕೇಳಲಿಲ್ಲ. ನನಗೆ ಆ ದಿನ ಸರ್ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈ ಎತ್ತಿದ್ದಕ್ಕೆ ಸ್ವಲ್ಪ, ಹಾಗೆ ಹೊರಟುಹೋದದ್ದಕ್ಕೆ ಪೂರಾ.

ಎರಡನೇ ಸ್ಥಾನಕ್ಕೆ ಇಳಿದೆವು, ಯಲಹಂಕದವರು ಮೇಲೆ ಹೋದರು. ಅಧ್ಯಕ್ಷರು ಮುನಿಸಿಕೊಂಡು ಕಬಡ್ಡಿ ತಂಡ ಕಟ್ಟಿದರು. ಆ ಇಬ್ಬರು ಫಾರ್ವರ್ಡ್‌ಗಳು ಮತ್ತೆ ಕಾಣಲಿಲ್ಲ. ಮುಂದಿನ ವಾರವೂ ಸರ್ ಎಂದಿನಂತೆ ಗೆರೆ ಎಳೆದಿದ್ದರು, ಬಂದವರು ಅರ್ಧ ಜನ. ಕೀಪರ್ ಬಂದಿದ್ದ. ಆಮೇಲೆಯೂ ತಪ್ಪದೆ ಬಂದ, ಆಡಿದ, ಆದರೆ “ಹೂಂ ಸರ್” ಬಿಟ್ಟರೆ ಅವರ ಜೊತೆ ಮಾತಿಲ್ಲ. ನೌಕರಿ ಸಿಗಲಿಲ್ಲ. ಕಾರು ಕಲಿತು ಏರ್‌ಪೋರ್ಟ್ ಟ್ಯಾಕ್ಸಿಗೆ ಸೇರಿದ. ಸರ್ ಮೊಣಕಾಲು ಕೈಕೊಡುವವರೆಗೂ ಕೋಚ್ ಆಗಿದ್ದರು. ಮೂರು ವರ್ಷದ ಕೆಳಗೆ ತೀರಿಕೊಂಡರು. ಕೀಪರ್ ಹೆಗಲು ಕೊಟ್ಟ.

ಈಗ ಲೀಗಿನಲ್ಲಿ ನಮ್ಮ ಕ್ಲಬ್ಬಿನ ಪರವಾಗಿ ಕೂರುವವನು ಅವನೇ. ಮೊನ್ನೆ ಭಾನುವಾರ ಸೋಲದೇವನಹಳ್ಳಿಯ ತಂಡದ ಮೇಲೆ ಇಂಥದೇ ದೂರು ಬಂದಿತ್ತು. ಯಾರೋ ಬಿಲ್ಡರ್ ನಾಲ್ವರು ಆಟಗಾರರಿಗೆ ಸಂಬಳ ಕೊಟ್ಟಿದ್ದ. ಬಿಡುವಿದ್ದದ್ದರಿಂದ ನಾನೂ ಹೋಗಿದ್ದೆ. ಕಟ್ ಮಾಡೋಣ ಅನ್ನುವವರು ಕೈ ಎತ್ತಿ ಅಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ನಮ್ಮ ಕೀಪರ್ ಕೈ. ನಾನು ಬೆಪ್ಪಾಗಿ ನೋಡಿದೆ.

ಸಭೆ ಮುಗಿದದ್ದೇ ಅವನು ಎದ್ದು, ಮೈದಾನ ದಾಟಿ, ಆ ತಂಡದವರು ಕೂತಿದ್ದ ಕಡೆ ನಡೆದ. ನಾನು ಹಿಂದೆಯೇ ಹೋದೆ. “ನಿಮ್ಮ ನಾಲ್ಕು ಪಾಯಿಂಟ್ ಹೋಯ್ತು. ನಾನೂ ಕೈ ಎತ್ತಿದೀನಿ. ನಾನೇ ಹೇಳೋಣ ಅಂತ ಬಂದೆ” ಅಂದ. ಒಬ್ಬ ಬೂಟು ಬಿಚ್ಚಿ ನೆಲಕ್ಕೆ ಬಡಿದ. ಅವರ ಕ್ಯಾಪ್ಟನ್ ಎದ್ದು ನಿಂತು, ಮರ್ಯಾದೆಯಿಂದಲೇ ಕೇಳಿದ:

“ನಾವೇನ್ ಮಾಡಿದ್ವಿ ಅಣ್ಣಾ?”

ಕೀಪರ್ ಅವನ ಭುಜ ಮುಟ್ಟಿ ವಾಪಸ್ ಬಂದ.

ಹೆಬ್ಬಾಳದವರೆಗೆ ಅವನ ಕಾರಿನಲ್ಲೇ ಬಂದೆ. ಫ್ಲೈಓವರ್ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಾಗ, ನನ್ನ ಕಡೆ ನೋಡದೆ ಹೇಳಿದ.

“ಅವ್ನು ಕೇಳಿದ್ದಕ್ಕೆ ಉತ್ತರ ಇಲ್ಲ ಮಗಾ. ಸರ್ ಹತ್ರಾನೂ ಇರ್ಲಿಲ್ಲ ಅನ್ಸುತ್ತೆ. ಅದಕ್ಕೇ ಅವತ್ತು ನಮ್ ಹತ್ರ ಬರ್ಲಿಲ್ಲ.”

ಹಿಂದಿನವರು ಹಾರ್ನ್ ಹೊಡೆದರು. ಅವನು ಗೇರ್ ಹಾಕಲಿಲ್ಲ.

“ಇದನ್ನ ಸರ್‌ಗೆ ಹೇಳ್ಬೇಕಿತ್ತು ಕಣೋ” ಅಂದ.